ಲೈಟ್‌ಸೇಬರ್ ಹಿಡಿಗೆ ಸರಿಯಾದ ಪಟ್ಟಿ ಯಾವುದು?

1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ನಾಯಕ ಲ್ಯೂಕ್ ಹಿಡಿಯುವ ಲೈಟ್‌ಸೇಬರನ್ನು, ಅಂದರೆ ಬೆಳಕಿನ ಕತ್ತಿಯನ್ನು, ಮನೆಯಲ್ಲೇ ಮಾಡಹೊರಟವರು ಥಳಥಳಿಸುವ ಕೊಳವೆಗೆ ಧಾರಾಳವಾಗಿ ದುಡ್ಡು ಸುರಿಯುತ್ತಾರೆ. ಹಿಡಿಯ ಕಪ್ಪು ಪಟ್ಟಿಗೆ ಬಂದಾಗ ಮಾತ್ರ ಕೈಗೆ ಸಿಕ್ಕಿದ ರಬ್ಬರನ್ನು ಮೆತ್ತಿಬಿಡುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಮೊದಲು ಮೂಲವನ್ನು ನೋಡಿಕೊಳ್ಳಿ. ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಇದನ್ನು ರೂಪಿಸಿದ್ದು ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾ ಫ್ಲ್ಯಾಶ್‌ನ ಹಿಡಿಯಿಂದ. ಚಿತ್ರದ ಸೈನಿಕರ ಬಂದೂಕುಗಳಿಗೆ ಬಳಸಿದ್ದ ಟಿ ಆಕಾರದ ಪಟ್ಟಿಯನ್ನೇ ಇದಕ್ಕೂ ಅಂಟಿಸಿದರು. ಟಿಯ ಚಪ್ಪಟೆ ತಲೆ ಕೊಳವೆಗೆ ಕೂರಬೇಕು, ಕಾಲು ಹೊರಗೆ ಚಾಚಬೇಕು. (ನಿಜವಾದ ಹಳೆಯ ಫ್ಲ್ಯಾಶ್ ಸಿಕ್ಕಿದರೆ ದಯವಿಟ್ಟು ಅದಕ್ಕೆ ಅಂಟು ಸುರಿಯಬೇಡಿ. ಪ್ರತಿಕೃತಿ ಕೊಳವೆಗಳು ಸಿಗುತ್ತವೆ.)

ಇನ್ನು ಪಟ್ಟಿಯ ಆಯ್ಕೆ. ಬಣ್ಣಕ್ಕಿಂತ ಬಾಗುವ ಗುಣ ಮುಖ್ಯ. ಕೊಳವೆ ದುಂಡಗಿದೆ, ಪಟ್ಟಿಯ ತಳ ಚಪ್ಪಟೆ. ಗಟ್ಟಿ ಪಟ್ಟಿಯಾದರೆ ನಡುವಿನ ಒಂದು ಗೆರೆಯಷ್ಟೇ ತಾಗಿ, ಎರಡೂ ಅಂಚುಗಳು ಎದ್ದು ನಿಲ್ಲುತ್ತವೆ. ಕೊಳ್ಳುವ ಮೊದಲೇ ತುಂಡೊಂದನ್ನು ಕೊಳವೆಯ ಮೇಲೆ ಒತ್ತಿ, ಬೆಳಕಿಗೆ ಹಿಡಿದು ನೋಡಿ: ಅಂಚಿನಡಿ ಬೆಳಕು ನುಸುಳಿದರೆ ಬೇಡ. ತ್ರೀಡಿ ಪ್ರಿಂಟ್ ಪಟ್ಟಿಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೋಲುತ್ತವೆ; ಮೇಲಾಗಿ ಅವುಗಳ ಪದರದ ಗೆರೆಗಳು ದೂರದಿಂದಲೇ ಕಾಣುತ್ತವೆ. ಸಿಲಿಕೋನ್ ಚೆನ್ನಾಗಿ ಬಾಗುತ್ತದೆ, ಆದರೆ ಸೂಪರ್‌ಗ್ಲೂ ಅದಕ್ಕೆ ಕಚ್ಚುವುದಿಲ್ಲ. ಸ್ಪಂಜಿನ ಪಟ್ಟಿಯಂತೂ ಶುದ್ಧ ದಂಡ. ನನ್ನ ಮಟ್ಟಿಗೆ ಮೆತುವಾದ ಪಿವಿಸಿ ಪಟ್ಟಿಗೆ ಸಾಟಿಯಿಲ್ಲ. ಸುರುಳಿಯಲ್ಲಿ ಬಂದು ಡೊಂಕಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ, ಸಪಾಟಾದ ಹಲಗೆಯ ಮೇಲೆ ನೇರ ಮಾಡಿ ಆರಲು ಬಿಡಿ.

ಅಂತರವನ್ನು ಕಣ್ಣಳತೆಗೆ ಬಿಡಬೇಡಿ. ಕೊಳವೆಗೆ ಕಾಗದದ ಪಟ್ಟಿ ಸುತ್ತಿ, ಎರಡು ತುದಿ ಕೂಡುವಲ್ಲಿ ಕತ್ತರಿಸಿ, ಬಿಡಿಸಿ, ಸಮಭಾಗ ಮಾಡಿ ಗುರುತು ಹಾಕಿ. 38 ಮಿ.ಮೀ. ವ್ಯಾಸದ ಕೊಳವೆಗೆ 7 ಪಟ್ಟಿಗಳಾದರೆ ನಡುವಿನಿಂದ ನಡುವಿಗೆ ಸುಮಾರು 17 ಮಿ.ಮೀ. ಬರುತ್ತದೆ. ಉದ್ದದ ಗೆರೆಗೆ ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೊಳವೆಯನ್ನು ಒರಗಿಸಿ ಪೆನ್ಸಿಲ್ ಎಳೆದರೆ ಸಾಕು.

ಪಟ್ಟಿಗಳನ್ನು ಹೊಸ ಬ್ಲೇಡಿನಿಂದ ಒಂದೇ ಉದ್ದಕ್ಕೆ ಕತ್ತರಿಸಿ. ಕೊಳವೆಯ ಕ್ರೋಮ್ ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ ಮೇಲೆ ಬೆರಳು ತಾಗಿಸದೆ ಅಂಟಿಸಿ. ಅಂಟು ಒಂದು ಎಳೆಯಷ್ಟಿದ್ದರೆ ಸಾಕು. ಒಣಗುವ ಮುನ್ನ ಡಬ್ಬಿಯೊಳಗೆ ಮುಚ್ಚಿಟ್ಟರೆ ಸೂಪರ್‌ಗ್ಲೂವಿನ ಆವಿ ಕುಳಿತು ಕಪ್ಪು ಪಟ್ಟಿಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ರಾತ್ರಿಯಿಡೀ ಗಾಳಿಯಾಡುವ ಕಡೆ ಇಡಿ.