ಫಲೊಂಬೆ ಬಯಲಿನ ಸಭಾಪಾಲಕರೊಂದಿಗೆ ಪಾಠ: ನನ್ನ ಅನುಭವ

ಹಳ್ಳಿಯ ಸಭಾಪಾಲಕನಿಗೆ (ಪಾಸ್ಟರಿಗೆ) ತರಬೇತಿ ಬೇಕಾದರೆ ಅವನನ್ನು ಮೂರು ನಾಲ್ಕು ವರ್ಷ ಪಟ್ಟಣದ ದೈವಜ್ಞಾನ ಕಾಲೇಜಿಗೆ ಕಳುಹಿಸಬೇಕು ಎಂಬ ಎಣಿಕೆ ಮಂಗಳೂರಿನ ನಮ್ಮ ಕ್ರೈಸ್ತ ಸಭೆಗಳಲ್ಲಿ ಇರುವಂತೆಯೇ ಆಫ್ರಿಕಾದ ಸಭೆಗಳಲ್ಲಿಯೂ ಇದೆ. ದಕ್ಷಿಣ ಮಲಾವಿಯಲ್ಲಿ, ಮುಲಾಂಜೆ ಬೆಟ್ಟಕ್ಕೂ ಚಿಲ್ವಾ ಸರೋವರಕ್ಕೂ ನಡುವೆ ಹರಡಿರುವ ಫಲೊಂಬೆ ಬಯಲಿನಲ್ಲಿ ನನ್ನೊಡನೆ ಓದಿದ ಪಾಲಕರಲ್ಲಿ ಹೆಚ್ಚಿನವರಿಗೆ ಅದು ಆಗುವ ಮಾತಾಗಿರಲಿಲ್ಲ. ಅವರು ಸಣ್ಣ ಸಣ್ಣ ಸ್ವತಂತ್ರ ಸಭೆಗಳ ಪಾಲಕರು. ಸಂಬಳವಿಲ್ಲದೆ, ಮೆಕ್ಕೆಜೋಳ ಬೆಳೆದು, ಕೆಲವರು ಸರೋವರದಲ್ಲಿ ಮೀನು ಹಿಡಿದು ಸಂಸಾರ ಸಾಗಿಸುವವರು. ಪ್ರಾಥಮಿಕ ಶಾಲೆಯ ಆಚೆಗೆ ಓದಿದವರು ಕಡಿಮೆ. ಅಂಥವರು ಊರು ಬಿಟ್ಟರೆ ಹೊಲ ಪಾಳು ಬೀಳುತ್ತದೆ, ಸಭೆಯೂ ಚದುರುತ್ತದೆ.

ಆದುದರಿಂದ ನಾವು ಹಿಡಿದದ್ದು ಶಿಕ್ಷಕನೇ ವಿದ್ಯಾರ್ಥಿಯ ಊರಿಗೆ ಹೋಗುವ ಕ್ರಮವನ್ನು. ಇದು ಹೊಸದಲ್ಲ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯಲ್ಲಿ ಇದು ಆರಂಭವಾಯಿತು, ಮಲಾವಿಯಲ್ಲಿಯೂ ಜೊಂಬಾ ಪಟ್ಟಣವನ್ನು ಕೇಂದ್ರವಾಗಿಟ್ಟುಕೊಂಡು ದಶಕಗಳಿಂದ ನಡೆಯುತ್ತಿದೆ. ವಿದ್ಯಾರ್ಥಿ ಮನೆಯಲ್ಲಿಯೇ ಪಾಠದ ಪುಸ್ತಕ ಓದಿ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾನೆ. ಹತ್ತಿರದ ಕೇಂದ್ರದಲ್ಲಿ ಎಲ್ಲರೂ ಗೊತ್ತಾದ ದಿನ ಸೇರಿ, ಓದಿದ್ದನ್ನು ತಮ್ಮ ಸಭೆಯ ಕೆಲಸದೊಂದಿಗೆ ಇಟ್ಟು ಚರ್ಚಿಸುತ್ತಾರೆ. ಶಿಕ್ಷಕನು ಅಲ್ಲಿ ಉಪನ್ಯಾಸ ಕೊಡಕೂಡದು. ನಮ್ಮಂತಹ ಉಪದೇಶದ ಅಭ್ಯಾಸವುಳ್ಳವರಿಗೆ ಈ ನಿಯಮವೇ ಎಲ್ಲಕ್ಕಿಂತ ಕಠಿಣ.

ನನ್ನನ್ನು ಮೊದಲು ಕಂಡ ಹಳ್ಳಿಗರು ಲಿಂಬೆ ಎಂಬ ವ್ಯಾಪಾರದ ಪೇಟೆಯ ಅಂಗಡಿಯವನೆಂದೇ ತಿಳಿದರು. ಆ ಕಡೆ ಭಾರತೀಯನೆಂದರೆ ಬಟ್ಟೆಯನ್ನೋ ಹಾರ್ಡ್‌ವೇರ್ ಸಾಮಾನನ್ನೋ ಮಾರುವ ವ್ಯಾಪಾರಿ. ಅವನು ಸತ್ಯವೇದ ಹಿಡಿದು ಬಂದದ್ದು ಅವರಿಗೆ ಸೋಜಿಗವಾಗಿತ್ತು. ಹೊರಗಿನಿಂದ ಬರುವ ಸುವಾರ್ತಿಕರ ಬಗೆಗಿನ ಅವರ ನಿಲುವು ಒಂದೇ ತೆರನಾಗಿಲ್ಲ; ಹೊರಗಿನವರ ಆಡಳಿತವನ್ನು ಎದುರಿಸಿದ ತಮ್ಮವನೇ ಆದ ಪಾಲಕನ ನೆನಪು ಅವರಲ್ಲಿದೆ. ಪಕ್ಕದ ಚಿರಾಡ್ಜುಲುವಿನಲ್ಲಿ ಸಭೆಯನ್ನೂ ಶಾಲೆಗಳನ್ನೂ ಕಟ್ಟಿ, 1915ರ ಜನವರಿಯಲ್ಲಿ ವಸಾಹತು ಆಡಳಿತದ ವಿರುದ್ಧ ದಂಗೆಯೆದ್ದು ಮಡಿದ ಪಾಲಕ ಜಾನ್ ಚಿಲೆಂಬ್ವೆ ಅವರ ಚಿತ್ರ ಇಂದು ಮಲಾವಿಯ ನೋಟಿನ ಮೇಲಿದೆ. ಅವರ ಹೆಸರನ್ನು ನಮ್ಮ ಕೇಂದ್ರದಲ್ಲಿ ನಾನು ಎತ್ತಿದವನಲ್ಲ. ಪಾಲಕನ ಕರ್ತವ್ಯದ ಪಾಠ ಬಂದಾಗ ಓದಲು ಬಂದ ಪಾಲಕರೇ ಎತ್ತಿದರು, ಅಂದಿನ ಮಧ್ಯಾಹ್ನವೆಲ್ಲ ಅದೇ ಚರ್ಚೆಯಾಯಿತು.

ವೇಳಾಪಟ್ಟಿಯನ್ನು ಮಳೆಗೆ ತಕ್ಕಂತೆ ಹಾಕಬೇಕು. ನವೆಂಬರಿನಲ್ಲಿ ಮಳೆ ಹಿಡಿದ ಮೇಲೆ ಎಲ್ಲರೂ ಬಿತ್ತನೆಯಲ್ಲಿರುತ್ತಾರೆ. ಜನವರಿಯಿಂದ ಮಾರ್ಚಿನವರೆಗೆ ಕಣಜ ಖಾಲಿಯಾಗಿ ಮನೆಮನೆಯಲ್ಲೂ ಹಸಿವು. ಆಗ ಅವರನ್ನು ಪಾಠಕ್ಕೆ ಸೇರಿಸುವುದು ನ್ಯಾಯವಲ್ಲ, ಮಣ್ಣಿನ ರಸ್ತೆಗಳೂ ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಕೊಯ್ಲು ಮುಗಿದು ಜೂನ್, ಜುಲೈಯ ಚಳಿ ಬಂದಾಗ ವಾರವಿಡೀ ಒಟ್ಟಿಗೆ ಇರುವ ಶಿಬಿರ ನಡೆಸಬಹುದು. ಉಳಿದ ತಿಂಗಳುಗಳಲ್ಲಿ ಸಂತೆಯ ದಿನವನ್ನೇ ಪಾಠದ ದಿನವಾಗಿ ಇಟ್ಟುಕೊಂಡೆವು, ಏಕೆಂದರೆ ಅಂದು ಹೇಗೂ ಸೈಕಲ್ ಹೊರಡುತ್ತದೆ.

ಭತ್ಯೆ ಕೊಡಲಿಲ್ಲ. ಇದರ ಬಗ್ಗೆ ಬಹಳ ಮಾತು ಕೇಳಬೇಕಾಯಿತು, ಏಕೆಂದರೆ ಪಟ್ಟಣದ ಹೋಟೆಲಿನಲ್ಲಿ ಮೂರು ದಿನ ಕೂರಿಸಿ, ಭತ್ಯೆಯನ್ನೂ ಟೀಶರ್ಟನ್ನೂ ಬಣ್ಣದ ಪ್ರಮಾಣಪತ್ರವನ್ನೂ ಕೊಟ್ಟು ಕಳುಹಿಸುವ ಸಂಸ್ಥೆಗಳು ಆ ದೇಶದಲ್ಲಿ ಬೇಕಾದಷ್ಟಿವೆ. ನಾವು ಬೀನ್ಸ್, ಎಣ್ಣೆ, ಉಪ್ಪು ಒದಗಿಸಿದೆವು. ನ್ಸಿಮಾ, ಅಂದರೆ ಮೆಕ್ಕೆಜೋಳದ ಮುದ್ದೆ, ತೊಳಸುವ ಹಿಟ್ಟನ್ನು ಅವರವರೇ ತಂದರು. ಪ್ರಮಾಣಪತ್ರದ ಆಸೆಯನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ರುವಾಂಡಾ 2018ರಲ್ಲಿ ಸಾವಿರಾರು ಪ್ರಾರ್ಥನಾ ಮಂದಿರಗಳನ್ನು ಮುಚ್ಚಿಸಿ, ಸಭೆಯ ಮುಖ್ಯಸ್ಥರಿಗೆ ದೈವಜ್ಞಾನದ ಪದವಿಯನ್ನು ಕಡ್ಡಾಯಗೊಳಿಸಿದ ಸುದ್ದಿ ಇವರ ಕಿವಿಗೂ ಬಿದ್ದಿತ್ತು.

ಮೊದಲ ವಿಷಯವಾಗಿ ನಾನು ಆರಿಸಿದ್ದು ಶವಸಂಸ್ಕಾರವನ್ನು. ಸತ್ಯವೇದದ ಪೀಠಿಕೆಯಿಂದ ಆರಂಭಿಸುವುದು ವಾಡಿಕೆ. ಆದರೆ ಈ ಪಾಲಕರು ಭಾನುವಾರದ ಪ್ರಸಂಗಕ್ಕಿಂತ ಹೆಚ್ಚಾಗಿ ಸಾವಿನ ಮನೆಯಲ್ಲಿ ಮಾತನಾಡುವವರು. ಅಲ್ಲಿ ಸಾವಾದರೆ ಊರಿನ ಕೆಲಸ ನಿಲ್ಲುತ್ತದೆ. ರಾತ್ರಿಯಿಡೀ ಗೀತೆ ಹಾಡುತ್ತಾ ಜಾಗರಣೆ ಮಾಡುತ್ತಾರೆ, ಗುಂಡಿ ತೋಡಲು ಗೊತ್ತಾದ ಗುಂಪೇ ಇದೆ, ಸಮಾಧಿಸ್ಥಳದ ಮರಗಳನ್ನು ಯಾರೂ ಕಡಿಯುವುದಿಲ್ಲ. ಬೇರೆ ಬೇರೆ ಸಭೆಗಳ ಪಾಲಕರು ಒಬ್ಬರ ಬಳಿಕ ಒಬ್ಬರು ಮಾತನಾಡುತ್ತಾರೆ, ಕೇಳುವವರಲ್ಲಿ ಮುಸಲ್ಮಾನ ನೆರೆಯವರೂ ಇರುತ್ತಾರೆ. ಹೀಗಿರುವಾಗ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು, ಲಾಜರನ ಮರಣದ ಕಥೆಯನ್ನು, ಹೇಗೆ ಓದಬೇಕು, ಎಷ್ಟು ಹೊತ್ತು ಮಾತನಾಡಬೇಕು, ವಿಧವೆಯ ಎದುರಿನಲ್ಲಿ ಏನನ್ನು ಹೇಳಬಾರದು ಎಂಬುದು ಅವರಿಗೆ ಬರುವ ವಾರವೇ ಬೇಕಾದ ಪಾಠ. ಸಾವಿನ ಮನೆಗೆ ಹೋಗಿ ಬಂದವನು ಮುಂದಿನ ಸಂತೆಯ ದಿನ ತಾನು ಆಡಿದ್ದನ್ನು ಗುಂಪಿನ ಮುಂದೆ ಮತ್ತೆ ಆಡಿ ತೋರಿಸಬೇಕಿತ್ತು. ಉಳಿದವರು ತಿದ್ದುತ್ತಿದ್ದರು. ಹಿರಿಯ ಹೆಂಗಸರನ್ನೂ ಪಾಲಕರ ಹೆಂಡತಿಯರನ್ನೂ ಕೇಂದ್ರಕ್ಕೆ ಕರೆದ ಮೇಲೆ ಈ ತಿದ್ದುವ ಕೆಲಸ ಇನ್ನಷ್ಟು ನಿಷ್ಠುರವಾಯಿತು. ಶೋಕದ ಮನೆಯೊಳಗೆ ಕೂತು ಎಲ್ಲವನ್ನೂ ಕೇಳುವವರು ಅವರೇ ತಾನೆ.

ಸಾವಿನ ಪಾಠದಿಂದ ಮಾಟದ ಪಾಠಕ್ಕೆ ದಾರಿ ತಾನಾಗಿಯೇ ತೆರೆಯಿತು. ಮಗು ಸತ್ತರೆ ಯಾರೋ ಒಬ್ಬಳು ಮುದುಕಿಯ ಮೇಲೆ ಬೆರಳು ತೋರಿಸುತ್ತಾರೆ. ಮಲಾವಿಯಲ್ಲಿ ವಸಾಹತು ಕಾಲದ, 1911ರ ಕಾನೂನೊಂದು ಇನ್ನೊಬ್ಬರನ್ನು ಮಾಟಗಾರರೆಂದು ಆರೋಪಿಸುವುದನ್ನೇ ಅಪರಾಧವೆನ್ನುತ್ತದೆ; ಹಳ್ಳಿಯಲ್ಲಿ ಆ ಕಾನೂನನ್ನು ಬಲ್ಲವರು ವಿರಳ. ಮಾಟವುಂಟೋ ಇಲ್ಲವೋ ಎಂಬ ವಾದಕ್ಕೆ ನಾನು ಇಳಿಯಲಿಲ್ಲ. ಇಳಿದಿದ್ದರೆ ಅದು ಇನ್ನೂ ಮುಗಿಯುತ್ತಿರಲಿಲ್ಲ. ಆರೋಪ ಕೇಳಿದ ದಿನವೇ ಪಾಲಕನು ಆ ಹೆಂಗಸಿನ ಮನೆಗೆ ಹೋಗಿ ಕೂರಬೇಕು, ಊರ ಮುಖಂಡನ ಬಳಿಗೆ ಅವಳ ಜೊತೆಯಲ್ಲಿ ಹೋಗಬೇಕು, ಬೆದರಿಕೆ ಮುಂದುವರಿದರೆ ಪೊಲೀಸರಿಗೆ ತಿಳಿಸಬೇಕು, ಪ್ರಸಂಗದಲ್ಲಿ ಯಾರ ಹೆಸರನ್ನೂ ಸೂಚಿಸಬಾರದು ಎಂದು ಗುಂಪೇ ನಿಶ್ಚಯಿಸಿತು. ನನ್ನ ದೃಷ್ಟಿಯಲ್ಲಿ ನಮ್ಮ ಇಡೀ ಪಠ್ಯಕ್ರಮದಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಇದೇ.

ಕುಟುಂಬದ ವಿಷಯದಲ್ಲಿ ನನ್ನ ತುಳುನಾಡಿನ ಹುಟ್ಟು ನೆರವಾಯಿತು. ಫಲೊಂಬೆಯಲ್ಲಿ ವಂಶವೂ ಭೂಮಿಯೂ ಹೆಣ್ಣಿನ ಕಡೆಯಿಂದ ಬರುತ್ತವೆ, ಗಂಡ ಹೆಂಡತಿಯ ಊರಿಗೆ ಬಂದು ನೆಲೆಸುತ್ತಾನೆ, ಮದುವೆಯ ಜಗಳವನ್ನು ಸೋದರಮಾವ ತೀರಿಸುತ್ತಾನೆ. ಅಳಿಯ ಸಂತಾನ ಕಟ್ಟನ್ನು ಬಲ್ಲವನಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಪಾಲಕನೊಬ್ಬನು ತಾನು ನೆಲೆಸಿರುವ ಊರಿನಲ್ಲಿಯೇ ಹೊರಗಿನವನು ಎಂಬುದನ್ನು ಮರೆತು ಬರೆದ ಪಾಠಪುಸ್ತಕಗಳು ಅಲ್ಲಿ ಸಲ್ಲುವುದಿಲ್ಲ. ರೂತಳ ಪುಸ್ತಕವನ್ನು ಓದಿದಾಗ, ವಿಧವೆ ತನ್ನವರನ್ನು ಬಿಟ್ಟು ಅತ್ತೆಯ ಊರಿಗೆ ಹೋದದ್ದು ಅವರಿಗೆ ನಾವೆಣಿಸುವುದಕ್ಕಿಂತಲೂ ದೊಡ್ಡ ತ್ಯಾಗವಾಗಿ ಕಂಡಿತು.

ಭಾಷೆ ಚಿಚೇವಾ. ಗ್ರೀಕ್, ಹೀಬ್ರೂಗಳ ಬದಲು ಚಿಚೇವಾ ಸತ್ಯವೇದದ 1922ರ ಹಳೆಯ ಅನುವಾದವನ್ನೂ 1998ರ ಹೊಸದನ್ನೂ ಅಕ್ಕಪಕ್ಕ ಇಟ್ಟು ಓದುವುದನ್ನು ಕಲಿಸಿದೆವು. ಎರಡೂ ಪುಸ್ತಕಗಳು ಒಂದೇ ಮನೆಯಲ್ಲಿ ಇರುವುದು ಅಪರೂಪವಾದುದರಿಂದ ನೆರೆಹೊರೆಯ ಇಬ್ಬಿಬ್ಬರು ಪಾಲಕರ ಜೋಡಿ ಮಾಡಿದೆವು. ಓದು ನಿಧಾನವಾದವರಿಗೆ ಪಾಠಗಳನ್ನು ಧ್ವನಿಮುದ್ರಿಸಿ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟೆವು; ಸಾಧಾರಣ ಮೊಬೈಲಿನಲ್ಲಿಯೂ ಅದು ಕೇಳಿಸುತ್ತದೆ, ಸೌರಫಲಕವಿರುವ ಅಂಗಡಿಯಲ್ಲಿ ಚಾರ್ಜು ಮಾಡಿಕೊಳ್ಳಬಹುದು.

2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯನ್ನು ಕೊಚ್ಚಿಹಾಕಿತು. ಸತ್ತವರು, ಕಾಣೆಯಾದವರು ಸೇರಿ ಸಾವಿರ ದಾಟಿದರು. ಫಲೊಂಬೆಯಲ್ಲಿ ಶಾಲೆಗಳೂ ಪ್ರಾರ್ಥನಾ ಮಂದಿರಗಳೂ ನಿರಾಶ್ರಿತರಿಂದ ತುಂಬಿದವು, ನಮ್ಮ ಪಾಠ ನಿಂತಿತು. ಅದಕ್ಕಿಂತ ಮೊದಲೇ ಕೇಂದ್ರಗಳನ್ನು ಸ್ಥಳೀಯ ಶಿಕ್ಷಕರ ಕೈಗೆ ಒಪ್ಪಿಸಿದ್ದೆವು. ಪರಿಹಾರದ ಹಿಟ್ಟು, ಕಂಬಳಿಗಳ ಲೆಕ್ಕವನ್ನು ಅವರು ಸಭೆಯ ಕಾಣಿಕೆಯ ಲೆಕ್ಕಕ್ಕಾಗಿ ಕಲಿತ ರೀತಿಯಲ್ಲಿಯೇ, ಇಬ್ಬರ ಸಹಿಯೊಂದಿಗೆ ಬರೆದಿಟ್ಟರು. ಪಾಠ ಮತ್ತೆ ಶುರುವಾದಾಗ ಮೊದಲ ವಿಷಯವನ್ನು ಆರಿಸಿದವರೂ ಅವರೇ: ದೇಹ ಸಿಗದವರ ಶವಸಂಸ್ಕಾರದ ಆರಾಧನೆಯನ್ನು ಹೇಗೆ ನಡೆಸಬೇಕು ಎಂಬುದು. ಅದಕ್ಕೆ ನನ್ನ ಬಳಿ ಸಿದ್ಧ ಪಾಠವಿರಲಿಲ್ಲ. ಅವರು ಬರೆದು ಕಳುಹಿಸಿದ್ದನ್ನೇ ಈಗ ಉಳಿದ ಕೇಂದ್ರಗಳಿಗೂ ಹಂಚುತ್ತಿದ್ದೇವೆ.