ಹಿತ್ತಲು, ಒಲೆ, ಸೋಪು: ಮಗುವಿನ ತೂಕ ಏರಲು ಮೂರೂ ಒಟ್ಟಿಗೆ ಬೇಕು

ಮಂಡ್ಯದಲ್ಲಿ ವಿಶ್ವೇಶ್ವರಯ್ಯ ನಾಲೆ ಇದೆ, ಕಬ್ಬು ಇದೆ, ಭತ್ತ ಇದೆ. ಆದರೂ ಅಂಗನವಾಡಿ ತಕ್ಕಡಿಯಲ್ಲಿ ಕೆಲವು ಮಕ್ಕಳ ತೂಕ ಏರುವುದೇ ಇಲ್ಲ. ಕಬ್ಬಿನ ದುಡ್ಡು ಬರುವುದು ವರ್ಷಕ್ಕೊಮ್ಮೆ, ಅದರಲ್ಲೂ ಸಾಲಕ್ಕೆ ಹೋಗುವುದೇ ಜಾಸ್ತಿ. ಮಗುವಿಗೆ ಹಸಿವಾಗೋದು ದಿನಾ ಅಲ್ವಾ? ಹಾಗಾಗಿ ಬೇಸಾಯದಲ್ಲಿ ಒಂದು ಪಾಲು ತಟ್ಟೆಗೇ ಅಂತ ಇರಬೇಕು. ಸೊಪ್ಪು ಬೆಳೆದರಷ್ಟೇ ಸಾಲದು. ಪದೇ ಪದೇ ಭೇದಿಯಾಗುವ ಮಗುವಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಮೊದಲು ಅಳತೆ

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತೋಳಿನ ಸುತ್ತಳತೆಯನ್ನೂ ನೋಡಿಸಿ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ ಅದು 12.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಎಚ್ಚರ ವಹಿಸಬೇಕು. 11.5ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಎರಡೂ ಪಾದ ಊದಿದ್ದರೆ ಮನೆಮದ್ದು ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಹಿತ್ತಲು ಮತ್ತು ಬದು

ಬಚ್ಚಲ ನೀರನ್ನು ಬಾಳೆ, ಪಪ್ಪಾಯಿ, ನುಗ್ಗೆ ಬುಡಕ್ಕೆ ತಿರುಗಿಸಿ. ಸೊಪ್ಪಿನ ಮಡಿಗೆ ಆ ನೀರು ಬೇಡ, ಒಳ್ಳೆಯ ನೀರೇ ಬೇಕು. ದಂಟು, ಕೀರೆಯನ್ನು ಒಂದೇ ಸಲ ಬಿತ್ತದೆ ಹದಿನೈದು ದಿನಕ್ಕೊಂದು ಮಡಿ ಮಾಡಿದರೆ ಕೊಯ್ಲು ನಿಲ್ಲುವುದಿಲ್ಲ. ರಾಗಿ ಹೊಲ ಇರುವವರು ರಾಗಿಯ ನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲನ್ನು ಕೈಬಿಡಬೇಡಿ. ಅವರೆ, ತೊಗರಿ, ಹುಚ್ಚೆಳ್ಳು ಮನೆಗೆ ಸಿಗುವುದೇ ಅಲ್ಲಿ. ಬದುವಿನ ಹೊನಗನ್ನೆ ಸೊಪ್ಪು ಒಳ್ಳೆಯದೇ, ಆದರೆ ಪಕ್ಕದ ಕಬ್ಬಿಗೆ ಕಳೆನಾಶಕ ಹೊಡೆದಿದ್ದರೆ ಕೀಳಬೇಡಿ. ಬೀಜ, ಸಲಹೆ ಬೇಕಿದ್ದರೆ ಮಂಡ್ಯದವರು ವಿ.ಸಿ. ಫಾರಂನ, ಮೈಸೂರಿನವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನಾಲ್ಕು ನಾಟಿ ಕೋಳಿ ಸಾಕಿ. ಮೊಟ್ಟೆ ಮೊದಲು ಮಗುವಿಗೆ, ಉಳಿದದ್ದು ಮಾರಾಟಕ್ಕೆ. ಇಲ್ಲೊಂದು ವಿಷಯ ಯಾರೂ ಹೇಳುವುದಿಲ್ಲ: ಅಂಬೆಗಾಲಿಡುವ ಮಗು ಕೋಳಿ ಹಿಕ್ಕೆ ಬಿದ್ದ ಅಂಗಳದಲ್ಲೇ ಕೈಯಾಡಿಸಿ ಬಾಯಿಗಿಡುತ್ತದೆ. ಗೂಡು ದೂರ ಇರಲಿ, ಮಗುವಿಗೆ ಚಾಪೆ ಹಾಸಿ.

ರಾಗಿ ಸರಿ

6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಎದೆಹಾಲಿನ ಜೊತೆಗೆ ರಾಗಿ ಸರಿ. ರಾಗಿ ತೊಳೆದು ಒಂದು ರಾತ್ರಿ ನೆನೆಸಿ. ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿದ್ದರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಘಮ ಬರುವಷ್ಟು ಮಾತ್ರ ಹುರಿದು, ಬೀಸಿ ಜರಡಿ ಹಿಡಿಯಿರಿ. ಕಪ್ಪಾಗುವಂತೆ ಹುರಿದರೆ ಮೊಳಕೆ ಕಟ್ಟಿದ ಶ್ರಮವೆಲ್ಲ ದಂಡ. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಸರಿ ಮುದ್ದೆಯಂತೆ ಗಟ್ಟಿಯಾಗದೆ ಮಗು ನುಂಗುವ ಹದದಲ್ಲಿರುತ್ತದೆ. ಪುಟ್ಟ ಹೊಟ್ಟೆಗೆ ಬೇಕಾದದ್ದು ಅದೇ. ಇಷ್ಟಾಗಿಯೂ ನೀರು ನೀರಾಗಿಸಬೇಡಿ, ಚಮಚದಿಂದ ತಾನೇ ಹರಿದುಬೀಳಬಾರದು. ಮೇಲೆ ಒಂದು ಚಮಚ ತುಪ್ಪ ಇಲ್ಲವೇ ನುಣ್ಣಗೆ ಪುಡಿ ಮಾಡಿದ ಕಡ್ಲೆಕಾಯಿ ಬೀಜ ಸೇರಿಸಿ.

6ರಿಂದ 8 ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, 9 ತಿಂಗಳ ಮೇಲೆ ಮೂರು ನಾಲ್ಕು ಸಲ ಉಣಿಸಿ. ಬರೀ ಸರಿ ಸಾಲದು. ಬಸ್ಸಾರಿಗೆ ಸೊಪ್ಪು ಕಾಳು ಬೇಯಿಸುವಾಗ ಖಾರ ಬೀಳುವ ಮೊದಲೇ ಮಗುವಿನ ಪಾಲು ತೆಗೆದು ಮಸೆದು, ಎರಡು ಹನಿ ನಿಂಬೆರಸ ಹಿಂಡಿ. ಸೊಪ್ಪಿನ ಕಬ್ಬಿಣದಂಶ ಮೈಗೆ ಸೇರಲು ನಿಂಬೆಯಲ್ಲಿರುವ ಸಿ ಜೀವಸತ್ವ ಸಹಾಯ ಮಾಡುತ್ತದೆ. ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಲೇಬೇಡಿ.

ಕೈ, ನೀರು, ಭೇದಿ

ಉಣಿಸುವ ಮೊದಲು, ಅಡುಗೆ ಮಾಡುವ ಮೊದಲು, ಮಗುವಿನ ಕುಂಡೆ ತೊಳೆದ ಮೇಲೆ, ಕೊಟ್ಟಿಗೆಯಿಂದ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸೋಪು ಬಚ್ಚಲಲ್ಲಿದ್ದರೆ ಯಾರೂ ಎದ್ದು ಹೋಗುವುದಿಲ್ಲ, ಅಡುಗೆಮನೆ ಬಾಗಿಲಲ್ಲೇ ಇಡಿ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿದರಷ್ಟೇ ಸಾಲದು, ಕುದಿಸಿ ಆರಿಸಿ. ಎಳೆ ಮಗುವಿನ ಮಲವನ್ನೂ ಶೌಚಾಲಯಕ್ಕೇ ಹಾಕಿ. ಭೇದಿಯಾದರೆ ಓಆರ್‌ಎಸ್ ಪುಡಿ ಕಲಸಿದ ನೀರು ಕುಡಿಸಿ, ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ಕೊಡಿ. ಭೇದಿ ನಿಂತಿತು ಅಂತ ಮಾತ್ರೆ ನಿಲ್ಲಿಸಬೇಡಿ, ಊಟವನ್ನಂತೂ ಬಿಡಿಸಲೇಬೇಡಿ.

ನಾಟಿ ಹೊತ್ತಿನಲ್ಲಿ

ಇಷ್ಟೆಲ್ಲ ಮಾಡುವವರು ಯಾರು? ತಾಯಿಯೇ ತಾನೆ. ನಾಟಿ, ಕಳೆ ಶುರುವಾದರೆ ಅವಳು ಬೆಳಿಗ್ಗೆ ಗದ್ದೆಗಿಳಿದು ಸಂಜೆ ಬರುತ್ತಾಳೆ, ಮಗುವಿಗೆ ಎರಡು ಊಟ ತಪ್ಪಿಹೋಗುತ್ತದೆ. ಆ ದಿನಗಳಿಗೆ ಮೊದಲೇ ಸರಿ ಹಿಟ್ಟು ಬೀಸಿಟ್ಟುಕೊಳ್ಳಿ. ಕಾಯಿಸುವುದನ್ನು ಅಜ್ಜಿಗಷ್ಟೇ ಅಲ್ಲ, ಅಪ್ಪನಿಗೂ ಕಲಿಸಿ. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನಕ್ಕೆ ಇಡಬೇಡಿ, ಆಗಾಗ ಒಂದು ಹಿಡಿ ಹೊಸದಾಗಿ ಕಾಯಿಸಿದರಾಯಿತು.