ಮೈದಾನದಲ್ಲಿ ಓಕ್ಲಹೋಮ: 1889ರ ಭೂಮಿ ಓಟವನ್ನು ಹಗ್ಗ, ಫರ್ಸಿ ಚೂರುಗಳಿಂದ ಹಾಕಿ ತೋರಿಸುವ ಬಗೆ

1889ರಲ್ಲಿ ಅಮೆರಿಕ ಸರ್ಕಾರ ಇಂದಿನ ಓಕ್ಲಹೋಮದ ಒಂದಷ್ಟು ನೆಲವನ್ನು ಹೊರಗಿನವರಿಗೆ ತೆರೆದಾಗ, ಜನ ನಿಗದಿತ ಹೊತ್ತಿಗೆ ಓಡಿ ಹೋಗಿ ಗೂಟ ನೆಟ್ಟು ಜಮೀನು ಹಿಡಿದರು, ಅದೇ ಭೂಮಿ ಓಟ. ಓಕ್ಲಹೋಮ ರಾಜ್ಯ ಹುಟ್ಟಿದ ಕಥೆಯನ್ನು ಪಾಠವಾಗಿ ಓದಿಸಿದರೆ ಮಕ್ಕಳಿಗೆ ಕುದುರೆ, ಬಂಡಿ, ಧೂಳು ಇಷ್ಟೇ ನೆನಪಿರುತ್ತದೆ. ಆದರೆ ಓಡಿ ಬಂದವರಿಗಿಂತ ಮೊದಲು ಆ ನೆಲಕ್ಕೆ ಗೆರೆ ಬಂದಿತ್ತು, ನಂಬರ್ ಬಂದಿತ್ತು. ನಮ್ಮ ಕಲಬುರಗಿ ಕಡೆ ರೈತನ ಹೊಲ ಮೊದಲು, ಸರ್ವೆ ನಂಬರ್ ಆಮೇಲೆ. ಅದಕ್ಕೇ ನಮ್ಮ ಗ್ರಾಮ ನಕಾಶೆಯಲ್ಲಿ ಹೊಲಗಳು ಹಳ್ಳ ತಿರುಗಿದಲ್ಲಿ ತಿರುಗುತ್ತವೆ, ದಾರಿ ಬಾಗಿದಲ್ಲಿ ಬಾಗುತ್ತವೆ. ಅಲ್ಲಿ ನಂಬರ್ ಮೊದಲು, ರೈತ ಆಮೇಲೆ. ಈ ವ್ಯತ್ಯಾಸ ಕೈಯಾರೆ ಗೆರೆ ಎಳೆದವರಿಗೇ ಚೆನ್ನಾಗಿ ತಿಳಿಯುತ್ತದೆ. ಪ್ರೌಢಶಾಲೆಯ 40 ಮಕ್ಕಳಿದ್ದರೆ ಒಂದು ಬೆಳಗಿನ ಕೆಲಸ.

ಡಿಸೆಂಬರ್ ಅಥವಾ ಜನವರಿಯಲ್ಲಿ ಇಟ್ಟುಕೊಳ್ಳಿ. ಓಟ ನಡೆದದ್ದು ಏಪ್ರಿಲ್ 22ಕ್ಕೆ, ನಿಜ. ಆದರೆ ಆ ಹೊತ್ತಿಗೆ ನಮ್ಮಲ್ಲಿ ಶಾಲೆಗೆ ರಜೆ, ಬಿಸಿಲು ನಲವತ್ತು ದಾಟಿರುತ್ತದೆ. ಚಳಿಗಾಲದಲ್ಲಿ ಮಾಡಿದರೆ ರಾಶಿ ಮುಗಿದ ಹೊಲಗಳಿಂದ ತೊಗರಿ ಕಟ್ಟಿಗೆಯೂ ಸಿಗುತ್ತದೆ. ಮಕ್ಕಳ ಕೈಗೆ ಕೊಡುವ ಗೂಟಕ್ಕೆ ಅದೇ ಸಾಕು, ಒಂದೊಂದು ಮೊಳ ಕತ್ತರಿಸಿ ಎರಡೂ ತುದಿ ಮೊಂಡು ಮಾಡಿ.

ಬೇಕಾಗುವ ಜಾಗ 24 ಮೀಟರ್ ಚೌಕ. ಸಾಮಾನು: 30 ಮೀಟರಿನ ಟೇಪು, 4 ಕಬ್ಬಿಣದ ಗೂಟ, 20 ಬಿದಿರು ಗೂಟ, 20 ಮೀಟರಿನ ಎರಡು ಹಗ್ಗ, ಬಿಳಿ ರಂಗೋಲಿ ಪುಡಿ 25 ಕೆಜಿ, ಸ್ವಲ್ಪ ನೀಲಿ ಪುಡಿ, ಮತ್ತು ಅಂಗೈ ಅಗಲದ 49 ಶಹಾಬಾದ್ ಫರ್ಸಿ ಚೂರು. ಒಡೆದ ಚೂರುಗಳು ಫರ್ಸಿ ಕೆಲಸ ನಡೆದ ಕಡೆ ಸುಮ್ಮನೆ ಬಿದ್ದಿರುತ್ತವೆ. ಸುಣ್ಣ ತರಬೇಡಿ, ಗಾಳಿಗೆ ಮಕ್ಕಳ ಕಣ್ಣಿಗೆ ಹೋಗುತ್ತದೆ. ತೆಂಗಿನ ನಾರಿನ ಹಗ್ಗವೂ ಬೇಡ. ಎಳೆದಷ್ಟು ಹಿಗ್ಗಿ ಅಳತೆ ಕೆಡಿಸುತ್ತದೆ.

ಅಳತೆ ಹೀಗೆ. ಅಮೆರಿಕದ ಸರ್ಕಾರಿ ಮೋಜಣಿಯಲ್ಲಿ ಟೌನ್‌ಶಿಪ್ ಎಂದರೆ 6 ಮೈಲಿ ಚೌಕ. ಅದರೊಳಗೆ ಒಂದೊಂದು ಮೈಲಿಯ 36 ಸೆಕ್ಷನ್, ಒಂದು ಸೆಕ್ಷನ್ 640 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಒಬ್ಬರಿಗೆ ಅದರ ಕಾಲುಭಾಗ, 160 ಎಕರೆ. ಮೈದಾನದಲ್ಲಿ ಒಂದು ಮೈಲಿಗೆ 3 ಮೀಟರ್ ಹಿಡಿಯಿರಿ. ಟೌನ್‌ಶಿಪ್ 18 ಮೀಟರ್ ಆಗುತ್ತದೆ, ಕಾಲುಭಾಗ ಒಂದೂವರೆ ಮೀಟರ್ ಚೌಕ, ಒಂದು ಮಗು ಆರಾಮಾಗಿ ನಿಲ್ಲುವಷ್ಟು.

160 ಎಕರೆ ಎಂದರೆ ಎಷ್ಟು ಎಂಬುದನ್ನು ನಮ್ಮ ಲೆಕ್ಕದಲ್ಲೇ ಹೇಳಿ. ಅವರದು 66 ಅಡಿಯ ಗಂಟರ್ ಸರಪಳಿ. ನಮ್ಮ ಸರ್ವೆಯವರ 33 ಅಡಿಯ, 16 ಆಣೆಯ ಸರಪಳಿ ಸರಿಯಾಗಿ ಅದರ ಅರ್ಧ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಅರ್ಧ ಮೈಲಿ ನಮ್ಮ 80 ಸರಪಳಿ. 80ನ್ನು 80ರಿಂದ ಗುಣಿಸಿದರೆ 6,400 ಗುಂಟೆ, ಅದೇ 160 ಎಕರೆ. ಒಕ್ಕಲುತನದ ಮನೆಯ ಮಗುವಿಗೆ ಈ ಲೆಕ್ಕ ಬಿದ್ದ ಮೇಲೆ ಓಕ್ಲಹೋಮ ದೂರದ ಊರಾಗಿ ಉಳಿಯುವುದಿಲ್ಲ.

ಬಿಳಿ ಗೆರೆಗಿಂತ ಮೊದಲು ನೀಲಿ ಪುಡಿಯಲ್ಲಿ ಕಾಟನ್‌ವುಡ್ ಹಳ್ಳವನ್ನು ಸೊಟ್ಟಸೊಟ್ಟಾಗಿ ಎಳೆಯಿರಿ. ನಾವು ಹಾಕುವುದು ಗತ್ರಿ ಊರಿದ್ದ ಟೌನ್‌ಶಿಪ್, ಊರು ಈ ಹಳ್ಳದ ದಂಡೆಯಲ್ಲೇ ಇದೆ. ಇದು ಯಾರ ನೆಲವಾಗಿತ್ತು ಎಂಬುದನ್ನೂ ಆಗಲೇ ಹೇಳಿಬಿಡಿ, ಆಟ ಮುಗಿದ ಮೇಲೆ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ. ಮಸ್ಕೋಗಿ ಮತ್ತು ಸೆಮಿನೋಲ್ ಜನಾಂಗಗಳು 1866ರ ಒಪ್ಪಂದಗಳಲ್ಲಿ ಬಿಟ್ಟುಕೊಡಬೇಕಾಗಿ ಬಂದ ಭೂಮಿ ಇದು. ಬೇರೆ ಮೂಲನಿವಾಸಿಗಳನ್ನು ನೆಲೆಗೊಳಿಸಲು ಎಂದು ಪಡೆದದ್ದನ್ನು 1889ರಲ್ಲಿ ಹೊರಗಿನವರಿಗೆ ತೆರೆದರು. ಇಷ್ಟು ಹೇಳದೆ ಗೂಟ ಕೊಡುವುದು ತಪ್ಪು.

ಗೆರೆ ಕೆಲಸ ಆಗ್ನೇಯ ಮೂಲೆಯಿಂದ ಶುರುವಾಗಲಿ. ಮೊಬೈಲಿನ ದಿಕ್ಸೂಚಿ ಸಾಕು, ಕಬ್ಬಿಣದ ಕಂಬದ ಹತ್ತಿರ ಹಿಡಿಯಬೇಡಿ. ಕಾಂಪೌಂಡ್ ಗೋಡೆಗೆ ಸಮನಾಗಿ ಎಳೆಯುವ ಆಸೆ ಎಲ್ಲರಿಗೂ ಆಗುತ್ತದೆ. ಗೋಡೆ ಉತ್ತರಕ್ಕೆ ಇಲ್ಲದಿದ್ದರೆ ಇಡೀ ಪಾಠ ಸೊಟ್ಟ. ಮೂಲೆಯಿಂದ ಒಂದು ಕಡೆ 6 ಮೀಟರ್, ಇನ್ನೊಂದು ಕಡೆ 8 ಮೀಟರ್ ಗುರುತು ಹಾಕಿ. ಎರಡರ ನಡುವೆ ಸರಿಯಾಗಿ 10 ಬಂದರೆ ಮೂಲೆ ಮಟ್ಟಸ. ನಾಲ್ಕೂ ಗೂಟ ಹೊಡೆದ ಮೇಲೆ ಎರಡೂ ಕರ್ಣ 25 ಮೀಟರ್ 46 ಸೆಂಟಿಮೀಟರ್ ಇರಬೇಕು. 10 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವಾಯವ್ಯದ ಗೂಟ ಕಿತ್ತು ಸರಿಪಡಿಸಿ. ಎಷ್ಟೇ ಎಚ್ಚರವಿದ್ದರೂ ಕೊನೆಯ ಸಾಲು ನಾಲ್ಕು ಬೆರಳು ಹೆಚ್ಚುಕಡಿಮೆ ಆಗುತ್ತದೆ. ಅಳಿಸಬೇಡಿ, ತೋರಿಸಿ. ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ಗೆರೆಗಳು ಹತ್ತಿರವಾಗುತ್ತವೆ, ಸರಪಳಿಯ ತಪ್ಪೂ ಸೇರುತ್ತದೆ. ಅಲ್ಲಿನ ಮೋಜಣಿದಾರರು ಇದನ್ನೆಲ್ಲ ಉತ್ತರ ಮತ್ತು ಪಶ್ಚಿಮದ ಅಂಚಿನ ಸೆಕ್ಷನ್‌ಗಳಿಗೆ ತಳ್ಳುತ್ತಿದ್ದರು. ಅಲ್ಲಿಯ ಕೆಲವು ಕಾಲುಭಾಗಗಳು ಸರಿಯಾಗಿ 160 ಎಕರೆ ಬರುವುದಿಲ್ಲ.

ಹೆಚ್ಚು ಜನ ಎಡವುವುದು ನಂಬರ್ ಹಾಕುವಲ್ಲಿ. ಗಳೆ ಹೊಡೆಯುವಾಗ ಎತ್ತು ತುದಿ ಮುಟ್ಟಿ ತಿರುಗಿ ಪಕ್ಕದ ಸಾಲಿನಲ್ಲಿ ವಾಪಸ್ ಬರುವ ಹಾಗೆ ಈ ನಂಬರ್ ನಡೆಯುತ್ತದೆ. ಈಶಾನ್ಯದಲ್ಲಿ 1, ಪಶ್ಚಿಮಕ್ಕೆ ಹೋಗುತ್ತಾ 6, ಅದರ ಕೆಳಗೆ 7, ಪೂರ್ವಕ್ಕೆ ತಿರುಗಿ 12, ಅದರ ಕೆಳಗೆ 13. ಹೀಗೆ ತಿರುಗಿ ತಿರುಗಿ ಆಗ್ನೇಯದಲ್ಲಿ 36. ಪ್ರತಿ ಸಾಲನ್ನೂ ಎಡದಿಂದ ಬರೆದುಬಿಟ್ಟರೆ ಮುಂದಿನದೆಲ್ಲ ಹಾಳು. ಒಬ್ಬ ಹುಡುಗನನ್ನು ಎತ್ತಿನಂತೆ ಸಾಲಿನಲ್ಲಿ ನಡೆಸುತ್ತಾ ನಂಬರ್ ಕೂಗಿಸಿ, ತಪ್ಪುವುದಿಲ್ಲ. ಮುಗಿದ ಮೇಲೆ 31 ನೈರುತ್ಯದಲ್ಲಿದೆಯೇ ನೋಡಿ.

ಈಗ ಬಾಂದುಕಲ್ಲು. ಗೆರೆ ಕೂಡುವ 49 ಕಡೆಯೂ ಒಂದೊಂದು ಫರ್ಸಿ ಚೂರು ಇಡಿ. ಟೌನ್‌ಶಿಪ್ಪಿನ ಒಳಗಿನ ಸೆಕ್ಷನ್ ಕಲ್ಲುಗಳ ದಕ್ಷಿಣ ಅಂಚಿನಲ್ಲೂ ಪೂರ್ವ ಅಂಚಿನಲ್ಲೂ ಅಲ್ಲಿ ಕಚ್ಚು ಕೊರೆಯುತ್ತಿದ್ದರು: ಟೌನ್‌ಶಿಪ್ಪಿನ ದಕ್ಷಿಣ ಗಡಿ ಎಷ್ಟು ಮೈಲಿ, ಪೂರ್ವ ಗಡಿ ಎಷ್ಟು ಮೈಲಿ ಎಂದು. 4, 5, 8, 9ನೇ ಸೆಕ್ಷನ್‌ಗಳು ಕೂಡುವ ಕಲ್ಲಿಗೆ ದಕ್ಷಿಣದಲ್ಲಿ 5 ಕಚ್ಚು, ಪೂರ್ವದಲ್ಲಿ 4. ಮಕ್ಕಳು ಚಾಕ್‌ಪೀಸಿನಲ್ಲಿ ಗೀಟು ಹಾಕಲಿ. ಆಮೇಲೆ ಒಬ್ಬಳ ಕಣ್ಣು ಕಟ್ಟಿ ಒಂದು ಕಲ್ಲಿನ ಬಳಿ ಕೂರಿಸಿ, ಕಣ್ಣಿನ ಪಟ್ಟಿ ಬಿಚ್ಚಿ, ಬರೀ ಆ ಕಲ್ಲನ್ನು ನೋಡಿ ತಾನೆಲ್ಲಿದ್ದೇನೆ ಎಂದು ಹೇಳಿಸಿ.

16 ಮತ್ತು 36ನೇ ಸೆಕ್ಷನ್ ಶಾಲೆಗಳಿಗೆ ಮೀಸಲು, ಅಲ್ಲಿ ಗೂಟ ನೆಡುವಂತಿಲ್ಲ. ಉಳಿದದ್ದು 136 ಕಾಲುಭಾಗ. ಮಕ್ಕಳನ್ನು ಸುತ್ತ ನಿಲ್ಲಿಸಿ, ಸರಿಯಾಗಿ ಹನ್ನೆರಡಕ್ಕೆ ಗಂಟೆ ಹೊಡೆಯಿರಿ. ಓಡಿಸಬೇಡಿ, ಬಿರುಸು ನಡಿಗೆ ಸಾಕು. ಮೊದಲೇ ಮೂವರಿಗೆ ಗುಟ್ಟಾಗಿ ಚೀಟಿ ಕೊಟ್ಟು ಒಳಗೆ ಅಡಗಿಸಿಡಿ. ಹೊತ್ತಿಗೆ ಮುಂಚೆ ನುಸುಳಿದ ಇಂಥವರನ್ನೇ ಸೂನರ್ ಎನ್ನುತ್ತಿದ್ದರು. ಇದರಿಂದ ಜಗಳ ಆಗಲಿ, ಅಂದೂ ಇಂಥ ತಕರಾರುಗಳು ವರ್ಷಗಟ್ಟಲೆ ನಡೆದವು.

ಗೂಟ ನೆಟ್ಟರೆ ಭೂಮಿ ಬರಲಿಲ್ಲ, ಲ್ಯಾಂಡ್ ಆಫೀಸಿನಲ್ಲಿ ದಾಖಲಾಗಬೇಕು. ಗತ್ರಿ ಮತ್ತು ಕಿಂಗ್‌ಫಿಶರ್‌ಗಳಲ್ಲಿ ಆಫೀಸುಗಳಿದ್ದವು, ನೀವೂ ಎರಡು ಮೇಜು ಹಾಕಿ. ಅರ್ಜಿಯ ಒಕ್ಕಣೆ ಹೀಗಿರಬೇಕು: ವಾಯವ್ಯ ಕಾಲುಭಾಗ, ಸೆಕ್ಷನ್ 14, ಟೌನ್‌ಶಿಪ್ 16 ಉತ್ತರ, ರೇಂಜ್ 2 ಪಶ್ಚಿಮ, ಇಂಡಿಯನ್ ಮೆರಿಡಿಯನ್. ಪಹಣಿಯಲ್ಲಿ ನಾವು ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತೇವೆ. ಇದು ಅದಕ್ಕೆ ತಿರುಗಮುರುಗ, ಕೊನೆಯಿಂದ ಓದಿಸಿ. ರೇಂಜ್ 2 ಪಶ್ಚಿಮ ಎಂದರೆ ಇಂಡಿಯನ್ ಮೆರಿಡಿಯನ್ ಎಂಬ ಉತ್ತರ-ದಕ್ಷಿಣ ರೇಖೆಯಿಂದ ಪಶ್ಚಿಮಕ್ಕೆ ಎರಡನೇ ಪಟ್ಟಿ. ಟೌನ್‌ಶಿಪ್ 16 ಎಂದರೆ ಪೂರ್ವ-ಪಶ್ಚಿಮದ ಮೂಲ ರೇಖೆಯಿಂದ ಉತ್ತರಕ್ಕೆ ಎಣಿಸಿದ ಹದಿನಾರನೇ ಸಾಲು. ಅದರ ದಕ್ಷಿಣ ಗಡಿ ಮೂಲ ರೇಖೆಯಿಂದ 90 ಮೈಲಿ, 96 ಅಲ್ಲ. ಗತ್ರಿ ಇದೇ ಟೌನ್‌ಶಿಪ್ಪಿನ 8ನೇ ಸೆಕ್ಷನ್ನಿನಲ್ಲಿ ಎದ್ದಿತು. ದಾಖಲಾದವರಿಗೆ ಕೊನೆಯದಾಗಿ ಹೇಳಿ: ಐದು ವರ್ಷ ಅಲ್ಲೇ ಇದ್ದು ಉತ್ತು ಬಿತ್ತಿದರೆ ಮಾತ್ರ ಪಟ್ಟಾ.

ಮುಂದಿನ ಕೆಲಸ ಕೋಣೆಯೊಳಗೆ, ಗೋಡೆಯ ನಕ್ಷೆಯ ಮೇಲೆ. ಮಕ್ಕಳು ಓಕ್ಲಹೋಮವನ್ನು ಒಂದೇ ಬಣ್ಣದಲ್ಲಿ ತುಂಬಿಬಿಡುತ್ತಾರೆ, ತಡೆಯಿರಿ. 1890ರಿಂದ ಪಶ್ಚಿಮದಲ್ಲಿ ಓಕ್ಲಹೋಮ ಟೆರಿಟರಿ, ಪೂರ್ವದಲ್ಲಿ ಮೂಲನಿವಾಸಿಗಳ ಇಂಡಿಯನ್ ಟೆರಿಟರಿ, ಎರಡು ಬಣ್ಣ. ಪಶ್ಚಿಮದ ಬಣ್ಣ ಬೆಳೆಯುತ್ತಾ ಹೋಗಲಿ: 1893ರ ಸೆಪ್ಟೆಂಬರ್ 16ಕ್ಕೆ ಚೆರೋಕಿ ಔಟ್‌ಲೆಟ್ ಎಂಬ ಪ್ರದೇಶದ ಓಟ, 1901ರಲ್ಲಿ ಓಟದ ಬದಲು ಚೀಟಿ ಎತ್ತಿ ಹಂಚಿಕೆ. ಪೂರ್ವದವರು 1905ರಲ್ಲಿ ಮಸ್ಕೋಗಿ ಎಂಬ ಊರಿನಲ್ಲಿ ಸೇರಿ ಸಿಕ್ವೋಯ ಎಂಬ ಬೇರೆ ರಾಜ್ಯಕ್ಕೆ ಸಂವಿಧಾನವನ್ನೇ ಬರೆದರು, ಮತದಾರರು ಒಪ್ಪಿದರು, ವಾಷಿಂಗ್ಟನ್ ಒಪ್ಪಲಿಲ್ಲ. ಆ ರಾಜ್ಯವನ್ನು ಬೇರೆ ಹಾಳೆಯಲ್ಲಿ ಬರೆಸಿ, ನಕ್ಷೆಯ ಮೇಲಿಟ್ಟು ತೋರಿಸಿ ತೆಗೆಯಿರಿ. ಎರಡೂ ಬಣ್ಣ ಒಂದಾಗುವುದು 1907ರ ನವೆಂಬರ್ 16ಕ್ಕೆ, 46ನೇ ರಾಜ್ಯವಾಗಿ, ಗತ್ರಿ ರಾಜಧಾನಿಯಾಗಿ. 1910ರಲ್ಲಿ ರಾಜಧಾನಿ ಓಕ್ಲಹೋಮ ಸಿಟಿಗೆ ಹೋಯಿತು, ಗುಂಡುಪಿನ್ನನ್ನು ದಕ್ಷಿಣಕ್ಕೆ ಸರಿಸಿ ಚುಚ್ಚಿ.